ಪಾರ್ಟು ಕಿತ್ತುಕೊಂಡ ಮೇಷ್ಟ್ರು

ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಪಿರಿಯಾಪಟ್ಟಣದ ಬಸ್ಸು ಹತ್ತಿದ ಒಬ್ಬ ವಯಸ್ಸಾದವರು ತೊಡೆಯ ಮೇಲೆ ಹಾರ್ಮೋನಿಯಂ ಇಟ್ಟುಕೊಂಡು ಕೂತಿದ್ದರು. ಪೆಟ್ಟಿಗೆಗೆ ಲಗೇಜು ಟಿಕೆಟ್ ತೆಗೆದುಕೊಳ್ಳಬೇಕು ಎಂದ ಕಂಡಕ್ಟರು. ಅವರು ಪೆಟ್ಟಿಗೆಗೆ ಹೊದಿಸಿದ್ದ ಕೆಂಪು ಬಟ್ಟೆಯನ್ನು ಸೆರಗು ಸರಿಮಾಡಿದ ಹಾಗೆ ಸರಿಮಾಡಿ, "ಇವಳು ನಮ್ಮನೆಯೋಳು ಕಣಪ್ಪ. ಎಂಗುಸ್ರಿಗೆ ಫ್ರೀ ಅಲ್ವಾ?" ಅಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರೂ ಬಿಡಲಿಲ್ಲ. "ಅಂಗಾದ್ರೆ ಆಧಾರ್ ಕಾರ್ಡ್ ತೋರ್ಸಿ" ಅಂದ. "ಕಾರ್ಡ್ಯಾಕೆ, ದನಿ ಕೇಳಿ ಗುರ್ತಿಸ್ಕೊ" ಎಂದು ಇವರು ಬಟ್ಟೆ ಸರಿಸಿ ಎರಡು ಸ್ವರ ನುಡಿಸಿಯೇ ಬಿಟ್ಟರು. ಕಂಡಕ್ಟರು ನಗುತ್ತ ಹಿಂದಿನ ಸೀಟಿಗೆ ಹೋದ. ಟಿಕೆಟ್ಟಿನ ಮಾತು ಅಲ್ಲಿಗೇ ನಿಂತಿತು.

ಹಿಂದಿನ ಸೀಟಿನಲ್ಲಿ ಕೂತು ನಕ್ಕವರಲ್ಲಿ ನಾನೂ ಒಬ್ಬಳು. ನಮ್ಮೂರಿನ ಗೇಟಿನಲ್ಲಿ ನಾನು ಇಳಿದರೆ ಅವರೂ ಇಳಿದರು. "ಈ ಊರಲ್ಲಿ ಎಂಗುಸ್ರೇ ಸೇರ್ಕಂಡು ನಾಟಕ ಮಾಡ್ತೀವಿ ಅಂತವ್ರಂತಲ್ಲ, ಅವ್ರ ಮನೆ ಎಲ್ಲವ್ವಾ?" ಎಂದು ಕೇಳಿದರು. ಹಾಗೆ ಹೊರಟವರಲ್ಲಿ ನಾನೇ ಮೊದಲನೆಯವಳು ಎಂದು ಹೇಳಿಕೊಳ್ಳುವಾಗ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು.

ನಮಗೆ ನಾಟಕ ಕಲಿಸಲು ಹಾಗೆ ಬಂದ ಆ ಮೇಷ್ಟ್ರು ಈಗ ಇಲ್ಲ. ಕಳೆದ ತಿಂಗಳು ಒಂದು ಬೆಳಿಗ್ಗೆ ಎಂಟನೇ ಕ್ಲಾಸಿನ ಹಾಜರಿ ಕೂಗುತ್ತಿದ್ದಾಗ ಮೇಜಿನ ಮೇಲಿದ್ದ ಫೋನು ಮಿನುಗಿತು. ನಮ್ಮ ಮಹಿಳಾ ಸಂಘದ ವಾಟ್ಸಾಪ್ ಗುಂಪಿನಲ್ಲಿ ಡೈರಿಯ ಶೋಭಾ ಬರೆದಿದ್ದಳು: "ನಾಟಕದ ಮೇಷ್ಟ್ರು ಹೋಗ್ಬುಟ್ರಂತೆ." ಹಾಜರಿ ಕೂಗಿ ಮುಗಿಸಿದೆ. ಯಾರು ಬಂದಿದ್ದರು, ಯಾರು ಬಂದಿರಲಿಲ್ಲ ಎಂಬುದು ಮಾತ್ರ ತಲೆಗೆ ಹೋಗಲಿಲ್ಲ. ಸತ್ತವರ ಬಗ್ಗೆ ಬರೆಯುವಾಗ ಒಳ್ಳೆಯದನ್ನೇ ಬರೆಯಬೇಕು ಅನ್ನುತ್ತಾರೆ. ಆದರೆ ನನಗೆ ಅವರ ಮೇಲೆ ಒಂದು ಸಿಟ್ಟಿದೆ, ಅದನ್ನು ಮುಚ್ಚಿಟ್ಟು ಬರೆದರೆ ಅವರೇ ಮೆಚ್ಚುವುದಿಲ್ಲ. ಆ ಮನುಷ್ಯ ನನ್ನ ಪಾರ್ಟು ಕಿತ್ತುಕೊಂಡರು.

ಊರಲ್ಲಿ ನಾನು ಮೇಡಂ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ನಾಲ್ಕನೇ ಕ್ಲಾಸು ದಾಟದ ಅವರನ್ನು ಇಡೀ ಊರು ಮೇಷ್ಟ್ರೇ ಎಂದು ಕರೆಯುವುದು ಮೊದಮೊದಲು ನನಗೆ ಅಷ್ಟು ಸರಿಬೀಳಲಿಲ್ಲ, ನಿಜ ಹೇಳಬೇಕು. ಅವರ ಊರು ಬೀಚನಹಳ್ಳಿಯ ಹತ್ತಿರ. ನಾಲೆಯ ನೀರನ್ನು ಗದ್ದೆಗದ್ದೆಗೆ ಸರದಿಯ ಮೇಲೆ ಬಿಡುವ ನೀರುಗಂಟಿಯ ಕೆಲಸ ಮಾಡಿಕೊಂಡಿದ್ದವರು. ನಾಲೆಯ ಏರಿಯ ಮೇಲೆ ನಡೆಯುತ್ತ ನಡೆಯುತ್ತ ಹಾಡು ಕಟ್ಟುವ ಚಟ ಹಿಡಿಯಿತಂತೆ. ಆಮೇಲೆ ಊರೂರಿಗೆ ಹೋಗಿ ನಾಟಕ ಕಲಿಸತೊಡಗಿದರು. ಕೋಟೆ ತಾಲ್ಲೂಕಿನಿಂದ ಹಿಡಿದು ಆ ಕಡೆ ಹೊಸ ಅಗ್ರಹಾರದವರೆಗೆ ಅವರ ಶಿಷ್ಯರಿದ್ದರು. ಎಲ್ಲರೂ ಗಂಡಸರು. ಹೆಂಗಸರ ಪಾರ್ಟಿಗೆ ಹೊರಗಿನಿಂದ ನಟಿಯರನ್ನು ಕರೆಸುವುದು ರೂಢಿ. ನಮ್ಮ ಸಂಘದವರು, ಎಲ್ಲ ಪಾರ್ಟೂ ನಾವೇ ಮಾಡುತ್ತೇವೆ, ಕಲಿಸುತ್ತೀರಾ ಎಂದು ಕೇಳಿದಾಗ ಉಳಿದ ಮೇಷ್ಟ್ರುಗಳು ನಕ್ಕು ಫೋನ್ ಇಟ್ಟಿದ್ದರು. ಇವರು, "ಯಾವತ್ತಿಂದ ಬರ್ಲಿ?" ಎಂದು ಮಾತ್ರ ಕೇಳಿದ್ದರು.

ನಾಟಕದ ಕಥೆಯೂ ಅವರದೇ, ಎಲ್ಲೂ ಅಚ್ಚಾಗದ್ದು. ಒಂದು ಕೋಟೆ. ಅದರ ಪಾಳೆಯಗಾರ ಯುದ್ಧಕ್ಕೆ ಹೋದವನು ಹನ್ನೆರಡು ವರ್ಷ ಬರುವುದಿಲ್ಲ. ಅವನ ಅಕ್ಕ ಕೋಟೆ ಕಾಯುತ್ತಾಳೆ, ಕೆರೆ ಕಟ್ಟಿಸುತ್ತಾಳೆ, ಕಣಜ ತುಂಬಿಸುತ್ತಾಳೆ. ಕೊನೆಗೆ ತಮ್ಮ ಬರುತ್ತಾನೆ. ಬಂದವನು ಕುಡಿಯಲು ನೀರು ಕೂಡ ಕೇಳದೆ ಬೀಗದ ಕೈ ಕೇಳುತ್ತಾನೆ. ಅಕ್ಕ ಸೊಂಟದಿಂದ ಗೊಂಚಲು ಬಿಚ್ಚಿ, "ತಗೊ ತಮ್ಮ" ಎಂದು ಕೊಟ್ಟು ಹೊಸಿಲು ದಾಟುತ್ತಾಳೆ. ಅಷ್ಟೇ. ಆ ಅಕ್ಕನ ಪಾರ್ಟು ನನ್ನದು ಎಂದು ಮೊದಲ ದಿನವೇ ನಿಶ್ಚಯವಾಯಿತು. ಓದಿದವಳು, ಉಚ್ಚಾರ ಸರಿಯಿದೆ, ಎತ್ತರವಾಗಿದ್ದೇನೆ. ಯಾರೂ ಎದುರು ಹೇಳಲಿಲ್ಲ.

ಮೊದಲ ಹತ್ತು ದಿನ ಅವರು ಒಂದು ಮಾತನ್ನೂ ಕಲಿಸಲಿಲ್ಲ. ಸಂಜೆ ಡೈರಿ ಕಟ್ಟಡದಲ್ಲಿ ಎಲ್ಲರನ್ನೂ ಕೂರಿಸಿ ಹರಟೆ ಹೊಡೆಯುವುದು, ಹಗಲೆಲ್ಲ ನಾವು ಕೆಲಸ ಮಾಡುವಲ್ಲಿಗೆ ಬಂದು ಸುಮ್ಮನೆ ನೋಡುವುದು. ಶೋಭಾ ಹಾಲು ಅಳೆಯುವಾಗ ಮೂಲೆಯಲ್ಲಿ ಕ್ಯಾನಿನ ಮೇಲೆ ಕೂತಿರುತ್ತಿದ್ದರು. ಹೊಗೆಸೊಪ್ಪು ಹದಮಾಡುವ ಬ್ಯಾರನ್ ಮನೆಯ ಮುಂದೆ ಹೆಂಗಸರು ಎಲೆಯನ್ನು ಕಡ್ಡಿಗೆ ಕಟ್ಟುತ್ತಿದ್ದರೆ ಅಲ್ಲಿ ಹೋಗಿ ನಿಲ್ಲುತ್ತಿದ್ದರು. ಒಂದು ದಿನ ನನ್ನ ಒಂಬತ್ತನೇ ಕ್ಲಾಸಿಗೇ ಬಂದು, ಮಕ್ಕಳ ಜೊತೆ ಕೊನೇ ಬೆಂಚಿನಲ್ಲಿ ಕೂತರು. ನಾನು ಆವತ್ತು ಪಾಠವನ್ನು ಸ್ವಲ್ಪ ಜಾಸ್ತಿಯೇ ಚೆನ್ನಾಗಿ ಮಾಡಿದೆ. ಗಂಟೆ ಹೊಡೆದ ಮೇಲೆ ಹತ್ತಿರ ಬಂದು, "ಚೆನ್ನಾಗ್ ಮಾಡ್ತೀರಿ ಮೇಡಮ್ಮೋರೆ. ಎಲ್ಲಾನೂ ಹೇಳ್ಬುಡ್ತೀರಿ" ಅಂದರು. ಹೊಗಳಿಕೆ ಎಂದುಕೊಂಡು ಇಡೀ ಸ್ಟಾಫ್ ರೂಮಿಗೆ ಹೇಳಿಕೊಂಡು ಬಂದೆ.

ಶೋಭಾಳನ್ನು ಪಾಳೆಯಗಾರ ಮಾಡಿದ್ದು ಅವರ ಒಂದು ಪವಾಡ. ಮೀಸೆ ಅಂಟಿಸಿದರೆ ಅವಳಿಗೆ ನಗು ತಡೆಯುತ್ತಿರಲಿಲ್ಲ. ಗಂಡಸಿನ ಹಾಗೆ ನಿಲ್ಲು ಎಂದರೆ ಸಿನಿಮಾದವರ ಹಾಗೆ ಎದೆ ಉಬ್ಬಿಸುತ್ತಿದ್ದಳು. ಮೇಷ್ಟ್ರು ಬೇಡ ಅನ್ನಲಿಲ್ಲ. ಅವರು ಯಾರಿಗೂ ಯಾವತ್ತೂ ತಪ್ಪು ಅಂದವರಲ್ಲ, "ಇನ್ನೊಸಿ ಬೇಯ್ಲಿ", ಅಂದರೆ ಇನ್ನು ಸ್ವಲ್ಪ ಬೇಯಲಿ, ಅನ್ನುವರು. ಆವತ್ತು ಕೇಳಿದರು:

"ದಿನಾ ತಡವಾಗಿ ಹಾಲು ತಂದು, ನಿನ್ನೇ ದಬಾಯ್ಸೋನು ಯಾರವ್ವ?"

"ನಿಂಗೇಗೌಡ್ರು!" ಎಂದಳು ಶೋಭಾ, ಯೋಚನೆಯನ್ನೇ ಮಾಡದೆ.

"ಅವ್ರು ಎಂಗ್ ನಿಂತ್ಕತಾರೆ, ನಿಂತ್ಕೊ."

ಶೋಭಾ ಒಂದು ಕೈ ಸೊಂಟದ ಮೇಲಿಟ್ಟು, ಒಂದು ಕಾಲು ಮುಂದೆ ಚಾಚಿ, ಗದ್ದ ಎತ್ತಿ ನಿಂತಳು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನಗು ನಿಂತಾಗ ನೋಡಿದರೆ ಅಲ್ಲಿ ಪಾಳೆಯಗಾರ ನಿಂತಿದ್ದ. ಮೀಸೆಯೂ ಇರಲಿಲ್ಲ, ಕತ್ತಿಯೂ ಇರಲಿಲ್ಲ.

ಮಾತು ಕಲಿಸತೊಡಗಿದ ಮೇಲೆ ನಾನು ಒಂದೇ ವಾರದಲ್ಲಿ ಪಾರ್ಟು ಬಾಯಿಪಾಠ ಮಾಡಿದೆ. ಅವರು ಹೇಳಿಕೊಟ್ಟಂತೆ, ಅದೇ ಏರಿಳಿತ, ಅದೇ ಕೈ. ಕೊನೆಯ ದೃಶ್ಯಕ್ಕೆ ನನ್ನದೂ ಸ್ವಲ್ಪ ಸೇರಿಸಿದೆ: ದನಿಯಲ್ಲಿ ನಡುಕ, ಕಣ್ಣಲ್ಲಿ ನೀರು, "ತಗೊ ತಮ್ಮ" ಅನ್ನುವಾಗ ಆಕಾಶದ ಕಡೆ ಒಂದು ನೋಟ. ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಷ್ಟ್ರು ಹಾರ್ಮೋನಿಯಂ ಮುಚ್ಚಿ, "ಇನ್ನೊಸಿ ಬೇಯ್ಲಿ" ಅಂದರು. ಇನ್ನೂ ಎಷ್ಟು ಬೇಯಬೇಕು ಎಂದು ನನಗೆ ರೇಗಿತು. "ಮಾತಿಗೆ ಮುಂಚೆ ಸ್ವಲ್ಪ ಸುಮ್ಕಿರಿ ಮೇಡಮ್ಮೋರೆ. ತೂಬು ಎತ್ತಿದ ತಕ್ಸಣ ನೀರು ಕೊನೇ ಗದ್ದೆಗೆ ಓಗಕಿಲ್ಲ. ನಿಂತ್ಕಂಡು ಕಾಯ್ಬೇಕು" ಅಂದರು. ಎಷ್ಟು ಸೆಕೆಂಡು ಸುಮ್ಮನಿರಬೇಕು ಎಂದು ಕೇಳಿದೆ. ಅವರು ನನ್ನ ಮುಖ ನೋಡಿ ನಕ್ಕರು. ನಾನು ಐದು ಎಣಿಸಿ ಮಾತಾಡುವುದನ್ನು ಅಭ್ಯಾಸ ಮಾಡಿದೆ.

ಎರಡು ತಿಂಗಳಾದ ಮೇಲೆ ಒಂದು ಸಂಜೆ, ಮಾಮೂಲಿನಂತೆ ಎಲೆಅಡಿಕೆ ಹಾಕಿಕೊಂಡು, "ಅಕ್ಕನ ಪಾರ್ಟ ಚಿಕ್ತಾಯಿ ಮಾಡ್ಲಿ. ಮೇಡಮ್ಮೋರು ಸೈಡಲ್ಲಿ ನಿಂತ್ಕಂಡು ಮಾತು ಎತ್ಕೊಡ್ಲಿ" ಅಂದರು. ಹಾಲಿನ ರೇಟು ಹೇಳುವ ಹಾಗೆ ಅಂದುಬಿಟ್ಟರು. ಚಿಕ್ಕತಾಯಮ್ಮ ಎಲೆ ಕಟ್ಟುವ ಕೆಲಸದವಳು, ನಾಟಕದಲ್ಲಿ ದಾಸಿಯ ಪಾರ್ಟು, ಒಟ್ಟು ಎರಡು ಮಾತು. ಓದು ಬರುವುದಿಲ್ಲ. ಯಾಕೆ ಎಂದು ನಾನು ಕೇಳಿದೆ. "ನೋಡಾನ" ಅಂದರು. ನಾನು ಆ ಪಾರ್ಟಿಗಾಗಿ ಮೈಸೂರಿನಿಂದ ನಮ್ಮಕ್ಕನ ರೇಷ್ಮೆ ಸೀರೆ ತರಿಸಿಟ್ಟಿದ್ದೆ, ಹೆಡ್‌ಮೇಷ್ಟ್ರಿಂದ ಹಿಡಿದು ಎಲ್ಲರನ್ನೂ ಕರೆದಿದ್ದೆ. ಮುಖದ ಮೇಲೆ ಹೊಡೆದ ಹಾಗಾಯಿತು. ಎದ್ದು ಮನೆಗೆ ಬಂದೆ, ಒಂದು ವಾರ ಆ ಕಡೆ ತಲೆ ಹಾಕಲಿಲ್ಲ.

ಮೇಷ್ಟ್ರು ಕರೆಯಲು ಬರಲಿಲ್ಲ. ಬಂದದ್ದು ಚಿಕ್ಕತಾಯಮ್ಮ, ಮಡಿಲಲ್ಲಿ ಅವರೆಕಾಯಿ ಕಟ್ಟಿಕೊಂಡು. ಹೊಸಿಲ ಹೊರಗೇ ನಿಂತಳು.

"ಮೇಡಂ, ನೀವ್ ಬರ್ದಿದ್ರೆ ನಂಗೂ ಬ್ಯಾಡ ಈ ಪಾರ್ಟು. ದಾಸೀನೇ ಸಾಕು" ಅಂದಳು.

ಬೇಡ ಎನ್ನುವಾಗ ಅವಳ ಕೈ ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಇಷ್ಟು ವರ್ಷ ಮಕ್ಕಳ ಮುಖ ನೋಡಿ ಪಾಠ ಮಾಡಿದವಳಿಗೆ ಅಷ್ಟು ತಿಳಿಯದೆ? ಅವಳಿಗೆ ಆ ಪಾರ್ಟು ಬೇಕಾಗಿತ್ತು, ನನಗೆ ಬೇಕಾದದ್ದಕ್ಕಿಂತ ಹೆಚ್ಚು ಬೇಕಾಗಿತ್ತು. ನನಗೆ ಸೀರೆ ಉಡಬೇಕಿತ್ತು, ಚಪ್ಪಾಳೆ ಬೇಕಿತ್ತು. ಅವಳಿಗೆ ಬೇಕಿದ್ದದ್ದು ಇನ್ನೇನೋ. ಅವರೆಕಾಯಿ ಬಿಡಿಸುತ್ತ ಇಬ್ಬರೂ ಪಡಸಾಲೆಯಲ್ಲಿ ಕೂತು ಮೊದಲ ದೃಶ್ಯದ ಮಾತುಗಳನ್ನು ಹೇಳಿಕೊಂಡೆವು. ನಾನು ಓದಿದೆ, ಅವಳು ಒಂದು ಸಲ ಕೇಳಿ ತಿರುಗಿ ಹೇಳಿದಳು. ಮಾರನೇ ದಿನ ತಾಲೀಮಿಗೆ ಹೋದೆ. ಮೇಷ್ಟ್ರು, "ಬನ್ನಿ, ಕುಂತ್ಕಳಿ" ಅಂದರು, ನಿನ್ನೆಯೂ ಬಂದಿದ್ದೆ ಎಂಬಂತೆ.

ಚಿಕ್ಕತಾಯಮ್ಮನಿಗೆ ಅವರು ಕಲಿಸಿದ ರೀತಿಯೇ ಬೇರೆ. ನನಗೆ ಮಾಡಿ ತೋರಿಸುತ್ತಿದ್ದರು, ಅವಳಿಗೆ ಏನನ್ನೂ ಮಾಡಿ ತೋರಿಸಲಿಲ್ಲ. ಬರೀ ಕೇಳುತ್ತಿದ್ದರು. ಅಪ್ಪ ಸತ್ತ ಮೇಲೆ ನಾಲ್ಕು ವರ್ಷ ತವರಿನ ಹೊಲವನ್ನು ಒಬ್ಬಳೇ ಉಳಿಸಿದವಳು ಅವಳು. ತಮ್ಮ ದೊಡ್ಡವನಾದ ಮೇಲೆ, ನಮ್ಮ ಕಡೆ ಎಲ್ಲ ಹೆಣ್ಣುಮಕ್ಕಳೂ ಮಾಡುವಂತೆ, ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಹೊಲ ತಮ್ಮನಿಗೇ ಎಂದು ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಬಂದಳು. ತವರು ಬೇಕು ಅನ್ನುವವರು ಅಷ್ಟನ್ನು ಮಾಡುತ್ತಾರೆ. ಯಾರೂ ಅದನ್ನು ದೊಡ್ಡ ವಿಷಯ ಅಂದುಕೊಳ್ಳುವುದಿಲ್ಲ.

"ಒತ್ತಿ ಆದ್ಮೇಲೆ ಏನ್ ಮಾಡ್ದೆ ಚಿಕ್ತಾಯಿ?" ಮೇಷ್ಟ್ರು ಕೇಳಿದರು.

"ಏನ್ ಮಾಡದು ಮೇಷ್ಟ್ರೇ. ಎಬ್ಬೆಟ್ಟಲ್ಲಿ ಮಸಿ ಇತ್ತಲ್ಲ, ಸೆರಗ್ಗೆ ಒರೆಸ್ಕಂಡೆ. ಬಸ್ ಬಂದ್ಬುಟ್ಟದೆ ಅಂದ್ರು, ಬಂದೆ."

"ಅಳು ಬಂತೇನವ್ವ?"

"ಯಾಕಳ್ಳಿ? ತಮ್ಮ ಇಡ್ಲಿ ಕೊಡಿಸ್ದ."

ಮೇಷ್ಟ್ರು ಹಾರ್ಮೋನಿಯಂ ಪಕ್ಕಕ್ಕೆ ಸರಿಸಿದರು. ಆಮೇಲೆ ಮೆಲ್ಲಗೆ, "ಇದ ನಾಟಕಕ್ಕೆ ತಗಳ್ಳಾ?" ಎಂದು ಕೇಳಿದರು. ಅವಳ ಅಪ್ಪಣೆ ಕೇಳಿದರು, ನಾನು ಕಣ್ಣಾರೆ ಕಂಡೆ. ಚಿಕ್ಕತಾಯಮ್ಮ ನಕ್ಕಳು. "ತಗಳ್ಳಿ. ಅದೊಂದೇ ಅಲ್ವಾ ನನ್ ತಾವ ಉಳ್ದಿರದು" ಅಂದಳು.

ನಾಟಕ ಹಗಲು ಹೊತ್ತೇ ಆಯಿತು. ಸಂಜೆ ಹಾಲು ಕರೆಯಬೇಕಾದವರು ಆಡುವ ನಾಟಕ, ಹಾಲು ಕರೆಯಬೇಕಾದವರೇ ನೋಡುವ ನಾಟಕ. ಬೆಳಿಗ್ಗೆ ಹನ್ನೊಂದಕ್ಕೆ ಶುರುವಾಗಿ ನಾಲ್ಕಕ್ಕೆ ಮುಗಿಯಬೇಕು ಎಂದು ಸಂಘದಲ್ಲಿ ತೀರ್ಮಾನವಾಗಿತ್ತು. ಸ್ಕೂಲಿನ ಬಯಲಲ್ಲಿ ಶಾಮಿಯಾನ ಹಾಕಿಸಿದೆವು. ಬಣ್ಣಬಣ್ಣದ ಲೈಟಿನಲ್ಲಿ ಮಿರಮಿರ ಮಿಂಚಬೇಕಾದ ಅರಮನೆಯ ಪರದೆ ಬಿಸಿಲಲ್ಲಿ ಎಲ್ಲ ತೇಪೆಗಳನ್ನೂ ತೋರಿಸಿಕೊಂಡು ತೂಗಾಡುತ್ತಿತ್ತು. ಹಚ್ಚಿದ ಬಣ್ಣ ಬೆವರಿಗೆ ಇಳಿಯುತ್ತಿತ್ತು. ಪಾಳೆಯಗಾರ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತದ್ದೇ ತಡ, "ಲೇ, ನಿಂಗೇಗೌಡ ಕಣ್ಲಾ!" ಎಂದು ಯಾರೋ ಕೂಗಿದರು. ನಿಂಗೇಗೌಡರೇ ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹಾಕಿದರು.

ನಾನು ಪಕ್ಕದ ಪರದೆಯ ಮರೆಯಲ್ಲಿ, ಪಾರ್ಟಿನ ನೋಟ್‌ಬುಕ್ ಹಿಡಿದು ನಿಂತಿದ್ದೆ. ವೇದಿಕೆಯ ಅಂಚಿನ ಮೈಕೊಂದು ನನ್ನ ಮೊಳಕೈ ದೂರದಲ್ಲೇ ಇತ್ತು. ಕೆಳಗೆ, ವೇದಿಕೆಯ ಮುಂದೆ ಚಾಪೆಯ ಮೇಲೆ ಮೇಷ್ಟ್ರು ಹಾರ್ಮೋನಿಯಂ ಹಿಡಿದು ಕೂತಿದ್ದರು. ಚಿಕ್ಕತಾಯಮ್ಮ ಒಂದು ಮಾತನ್ನೂ ಬಿಡದೆ ಹೇಳಿಕೊಂಡು ಬಂದಳು. ಕೊನೆಯ ದೃಶ್ಯವೂ ಬಂತು. ತಮ್ಮ ಬೀಗದ ಕೈ ಕೇಳಿದ. ಚಿಕ್ಕತಾಯಮ್ಮ ಗೊಂಚಲು ಬಿಚ್ಚಿ ಕೈಯಲ್ಲಿ ಹಿಡಿದಳು. ಸುಮ್ಮನೆ ನಿಂತಳು. ನಾನು ಐದು ಎಣಿಸಿದೆ. ಹತ್ತಾಯಿತು. ಅವಳು ಬಾಯಿ ತೆರೆಯಲಿಲ್ಲ. ಮರೆತಳು, ಮುಗಿಯಿತು, ನಾಟಕ ಕೆಟ್ಟಿತು ಎಂದುಕೊಂಡೆ. ಮೇಷ್ಟ್ರು ನನ್ನ ಕಡೆ ನೋಡಿ ಬೇಡ ಎಂಬಂತೆ ತಲೆಯಾಡಿಸಿದ್ದನ್ನು ನಾನು ಕಂಡೆ. ಕಂಡರೂ ತಡೆಯಲಾಗಲಿಲ್ಲ. ಕ್ಲಾಸಿನಲ್ಲಿ ಉತ್ತರ ಮರೆತ ಹುಡುಗಿಗೆ ಹೇಳಿಕೊಡುವ ಅದೇ ದನಿಯಲ್ಲಿ, "ತಗೊ ತಮ್ಮ" ಅಂದೆ.

ಮೈಕು ಅದನ್ನು ಎತ್ತಿಕೊಂಡಿತು. "ತಗೊ ತಮ್ಮ" ಎಂದು ನಾಲ್ಕೂ ಹಾರ್ನುಗಳು ಊರಿಗೆಲ್ಲ ಕೂಗಿದವು. ಜನ ಹೋ ಎಂದು ನಕ್ಕರು.

ಚಿಕ್ಕತಾಯಮ್ಮ ತಿರುಗಿ ನನ್ನ ಕಡೆ ನೋಡಿದಳು. ಸಿಟ್ಟಿಲ್ಲ, ಗಾಬರಿಯಿಲ್ಲ. ಆ ಮಾತು ಯಾರೋ ಆಡಿ ಆಯಿತಲ್ಲ, ಇನ್ನು ತಾನು ಆಡುವುದೇನು ಎಂಬ ನೋಟ. ಅವಳು ಮಾತನ್ನೇ ಆಡಲಿಲ್ಲ. ಗೊಂಚಲನ್ನು ಶೋಭಾಳ ಕೈಯಲ್ಲಿಟ್ಟಳು. ಆಮೇಲೆ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಒಂದು ಸಲ ಒರೆಸಿ, ನೋಡಿಕೊಂಡು, ಇನ್ನೊಂದು ಸಲ ಒರೆಸಿ, ಹೊಸಿಲು ದಾಟಿದಳು.

ನಗುತ್ತಿದ್ದವರು ಸುಮ್ಮನಾದರು. ಮೊದಲು ಸುಮ್ಮನಾದದ್ದು ಹೆಂಗಸರ ಸಾಲು. ಅಲ್ಲಿ ಕೂತಿದ್ದವರಲ್ಲಿ ಎಷ್ಟು ಜನ ಹೆಬ್ಬೆಟ್ಟು ಒತ್ತಲು ಆ ಕಚೇರಿಯ ಮೆಟ್ಟಿಲು ಹತ್ತಿ ಬಂದವರೋ! ಒಬ್ಬ ಅಜ್ಜಿ ತನಗೇ ತಿಳಿಯದೆ ತನ್ನ ಹೆಬ್ಬೆರಳನ್ನು ಮುಚ್ಚಿ ಹಿಡಿದುಕೊಂಡದ್ದು ನನಗೆ ಪರದೆಯ ಸಂದಿಯಿಂದ ಕಾಣಿಸಿತು. ಮೇಷ್ಟ್ರು ಹಾರ್ಮೋನಿಯಂ ನುಡಿಸಲಿಲ್ಲ. ಆ ಜಾಗಕ್ಕೆಂದೇ ಕಟ್ಟಿದ ಒಳ್ಳೆಯ ಹಾಡೊಂದಿತ್ತು. ಅದನ್ನು ಅವರು ಅಲ್ಲೇ ಬಿಟ್ಟುಬಿಟ್ಟರು.

ಸಂಜೆ ಮುದ್ದೆ ಊಟಕ್ಕೆ ಕೂತಾಗ ನಾನು ಅವರ ಎದುರು ಬರದೆ ಅಡಗಿಕೊಂಡಿದ್ದೆ. ಅವರೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ಮೇಡಮ್ಮೋರೆ, ನಿಮ್ ದನಿ ಮೈಕಲ್ಲಿ ಬಾಳ ಚೆನ್ನಾಗ್ ಕೇಳ್ತದೆ" ಅಂದರು. ಇಡೀ ಪಂಕ್ತಿ ನಕ್ಕಿತು. ನಾನೂ ನಕ್ಕೆ, ತಲೆ ತಗ್ಗಿಸಿ ಮುದ್ದೆ ಮುರಿದೆ.

ಆಮೇಲೆ ಎರಡು ವರ್ಷ ಅವರು ಹಬ್ಬಕ್ಕೆ ಫೋನ್ ಮಾಡುವರು, ನಾನು ಮಾತಾಡುವೆ, ಪಾರ್ಟಿನ ವಿಷಯ ಇಬ್ಬರೂ ಎತ್ತುವುದಿಲ್ಲ. ಉಬ್ಬಸ ಜಾಸ್ತಿಯಾಗಿದೆ, ಹಾರ್ಮೋನಿಯಂ ಮುಟ್ಟುತ್ತಿಲ್ಲ ಎಂದು ತಿಳಿದಾಗ ಒಂದು ಭಾನುವಾರ ಹುಣಸೂರಿನ ಮೇಲೆ ಕೋಟೆ ಪಟ್ಟಣಕ್ಕೆ ಹೋಗಿ, ಅಲ್ಲಿಂದ ಅವರ ಊರಿಗೆ ಹೋದೆ. ರೆಸಾರ್ಟಿನ ಅಡಿಗೆಮನೆಯಲ್ಲಿ ಕೆಲಸ ಮಾಡುವ ಸೊಸೆ ಆಗ ತಾನೇ ಮನೆಗೆ ಬಂದಿದ್ದಳು. ಕಾಫಿ ಕೊಟ್ಟು ಒಳಗೆ ಹೋದಳು. ಮೇಷ್ಟ್ರು ದಿಂಬಿಗೊರಗಿ ಕೂತಿದ್ದರು, ತೀರ ಇಳಿದುಹೋಗಿದ್ದರು. ಇವತ್ತು ಕೇಳದಿದ್ದರೆ ಇನ್ನು ಕೇಳುವುದಿಲ್ಲ ಅನ್ನಿಸಿತು.

"ಯಾಕೆ ನನ್ನ ಪಾರ್ಟು ಕಿತ್ಕೊಂಡ್ರಿ ಮೇಷ್ಟ್ರೇ? ನಾನು ಚೆನ್ನಾಗಿ ಮಾಡ್ತಿರಲಿಲ್ವಾ?"

"ಬಾಳ ಚೆನ್ನಾಗ್ ಮಾಡ್ತಿದ್ರಿ" ಅಂದರು, ಉಸಿರು ಎಳೆದುಕೊಳ್ಳುತ್ತ. "ನಾ ಏಳ್ಕೊಟ್ಟದ್ರಲ್ಲಿ ಒಂದಕ್ಸರ ಆಚೀಚೆ ಆಗ್ತಿರ್ನಿಲ್ಲ. ನೀವ್ ಬಾಯ್ಬುಟ್ರೆ ನನ್ ತಲೇಲಿರೋ ಅಕ್ಕನೇ ಎದ್ ಬತ್ತಿದ್ಲು. ಅವಳು ನಂಗೆ ಗೊತ್ತಿರೋಳೇ ಅಲ್ವಾ? ನಾನೇ ಬರ್ದೋನು. ಚಿಕ್ತಾಯಿ ಒಳಗಿರೋ ಅಕ್ಕ ಯಾರು ಅಂತ ನಂಗೂ ತಿಳೀದು. ನೋಡ್ಬೇಕು ಅನ್ನುಸ್ತು. ನನ್ ಆಸೆಗೆ ಕಿತ್ಕಂಡೆ ಕಣವ್ವ. ನಿಮ್ಗೆ ಅನ್ಯಾಯವೇ ಆಯ್ತು."

"ಹಾಗಾದ್ರೆ ತಪ್ಪಾಯ್ತು ಅಂತೀರಾ?"

"ಇಲ್ಲ. ಇನ್ನೊಂದ್ ಸಲ ಆದ್ರೂ ಅಂಗೇ ಮಾಡ್ತೀನಿ."

ಎರಡು ವರ್ಷದಿಂದ ನಾನು ಎಷ್ಟೊಂದು ಮಾತು ಜೋಡಿಸಿಟ್ಟುಕೊಂಡಿದ್ದೆ! ಬಸ್ಸಿನಲ್ಲಿ ಬರುವಾಗಲೂ ಒಂದೊಂದೇ ತೆಗೆದು ನೋಡಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ. ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟೆ. ಅಳುವೂ ಬರಲಿಲ್ಲ. ಎದುರಿಗೆ ಕೂತ ಈ ಮನುಷ್ಯನನ್ನು ಬೈಯಲೂ ಆಗದೆ, ಬಿಟ್ಟು ಏಳಲೂ ಆಗದೆ, ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅವರನ್ನೇ ನೋಡುತ್ತ ಕೂತುಬಿಟ್ಟೆ.

ಮೇಷ್ಟ್ರು ದಿಂಬಿನಿಂದ ಮುಂದಕ್ಕೆ ಬಂದರು. ಕಣ್ಣು ಅರಳಿಸಿಕೊಂಡು ನನ್ನ ಮುಖವನ್ನೇ ನೋಡಿದರು. ಉಸಿರಿಗೆ ಕಷ್ಟಪಡುತ್ತಿದ್ದವರು ಅದನ್ನೂ ಮರೆತಂತಿದ್ದರು.

"ಅಲ್ಲಾಡ್ಬೇಡಿ ಮೇಡಮ್ಮೋರೆ, ಅಂಗೇ ಇರಿ" ಅಂದರು. "ಇದೇ ಕಣ್ರೀ ಆ ಪಾರ್ಟು. ಎರಡ್ ತಿಂಗ್ಳು ಇದ್ಕೇ ಕಾದ್ಕಂಡಿದ್ದೆ ನಾನು."

ನಾನು ಅಲ್ಲಾಡಲಿಲ್ಲ. ಪರದೆಯಿಲ್ಲ, ರೇಷ್ಮೆ ಸೀರೆಯಿಲ್ಲ, ಕರೆದಿದ್ದ ಹೆಡ್‌ಮೇಷ್ಟ್ರೂ ಇಲ್ಲ. ಆ ಮಂಚದ ಮುಂದೆ ನಾನು ಅಕ್ಕನ ಪಾರ್ಟನ್ನು ಒಂದೇ ಒಂದು ಸಲ ಮಾಡಿದೆ. ನೋಡಿದವರು ಅವರೊಬ್ಬರೇ.